ಉಪ್ಪಿನ ಹರಳಿನಲ್ಲಿ ಜೋಡಿಗಳಿಲ್ಲ

ಹತ್ತನೇ ಕ್ಲಾಸಿನ ಮಕ್ಕಳಿಗೆ ರಾಸಾಯನಿಕ ಬಂಧದ ಪಾಠ ಮಾಡುವಾಗ ನಾನು ಸೀದಾ ಬೋರ್ಡಿಗೆ ಹೋಗುವುದಿಲ್ಲ. ಮೊದಲು ಎಲ್ಲರ ಕೈಗೂ ಸಾಣಿಕಟ್ಟಾದ ಉಪ್ಪಿನ ಒಂದೊಂದು ಹರಳು ಕೊಡುತ್ತೇನೆ. ನಮ್ಮ ಕುಮಟಾ ಕಡೆ ಅದು ಸುಲಭವಾಗಿ ಸಿಗುತ್ತದೆ. ಗೋಕರ್ಣದ ಹತ್ತಿರದ ಆಗರದಲ್ಲಿ ಬಿಸಿಲಿಗೇ ಕಟ್ಟಿದ ಕಲ್ಲುಪ್ಪು. ಲೆನ್ಸ್ ಹಿಡಿದು ನೋಡಿದರೆ ಚೌಕ ಮೂಲೆಗಳು ಕಾಣುತ್ತವೆ. ಮೆಲ್ಲಗೆ ಕುಟ್ಟಿ ಒಡೆದರೆ ಚೂರುಗಳಲ್ಲೂ ಅದೇ ಚಪ್ಪಟೆ ಮುಖ, ಅದೇ ಚೌಕ ಮೂಲೆ.

ಯಾಕೆ ಹೀಗೆ? ಮಕ್ಕಳಿಗೆ ನೆನಪಾಗುವುದು ಒಂದೇ ಚಿತ್ರ. ಸೋಡಿಯಂ ಒಂದು ಎಲೆಕ್ಟ್ರಾನ್ ಕೊಟ್ಟಿತು, ಕ್ಲೋರಿನ್ ತಗೊಂಡಿತು, ಎರಡೂ ಜೋಡಿಯಾದವು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಚಿತ್ರದಿಂದ ಚೌಕ ಮೂಲೆ ಹುಟ್ಟುವುದಿಲ್ಲ ಅಲ್ವಾ?

ಲೆಕ್ಕ ನೋಡಿ. ಒಂದು ಮೋಲ್ (ಅಂದರೆ ಒಂದು ನಿಗದಿತ, ಬಹುದೊಡ್ಡ ಎಣಿಕೆಯಷ್ಟು) ಸೋಡಿಯಂ ಪರಮಾಣುಗಳಿಂದ ಒಂದೊಂದು ಎಲೆಕ್ಟ್ರಾನ್ ಕೀಳಲು ಸುಮಾರು 496 ಕಿಲೋಜೂಲ್ ಬೇಕು. ಕ್ಲೋರಿನ್ ಪರಮಾಣುಗಳು ಅವನ್ನು ತಗೊಂಡಾಗ ವಾಪಸ್ ಸಿಗುವುದು ಸುಮಾರು 349. ಬರೀ ಕೊಡುಕೊಳ್ಳುವಿಕೆ ಲೆಕ್ಕಕ್ಕೆ ಹಿಡಿದರೆ ನಷ್ಟವೇ. ಸೋಡಿಯಂ ಖುಷಿಯಿಂದ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ ಅನ್ನುವ ಮಾತು ಇಲ್ಲೇ ಬಿದ್ದುಹೋಗುತ್ತದೆ. ಎಲೆಕ್ಟ್ರಾನ್ ಕಳಕೊಂಡ ಸೋಡಿಯಂಗೆ ಧನ ಚಾರ್ಜ್, ತಗೊಂಡ ಕ್ಲೋರಿನ್‌ಗೆ ಋಣ ಚಾರ್ಜ್ ಬರುತ್ತದೆ; ಹೀಗೆ ಚಾರ್ಜ್ ಬಂದವೇ ಅಯಾನುಗಳು, ಋಣ ಚಾರ್ಜಿನ ಕ್ಲೋರಿನ್ನೇ ಕ್ಲೋರೈಡ್. ಆ ನಷ್ಟ ತುಂಬಿ ಮಿಗುವುದು ಈ ಅಯಾನುಗಳೆಲ್ಲ ಒತ್ತಾಗಿ ಸೇರಿ ಹರಳು ಕಟ್ಟಿದಾಗ. ಆಗ ಸುಮಾರು 787 ಕಿಲೋಜೂಲ್ ಹೊರಬರುತ್ತದೆ.

ಹರಳಿನೊಳಗೆ ಪ್ರತಿ ಸೋಡಿಯಂ ಸುತ್ತ ಆರು ಕ್ಲೋರೈಡ್: ಮೇಲೊಂದು, ಕೆಳಗೊಂದು, ಸುತ್ತ ನಾಲ್ಕು. ಪ್ರತಿ ಕ್ಲೋರೈಡ್ ಸುತ್ತ ಹಾಗೇ ಆರು ಸೋಡಿಯಂ. ಯಾವುದಕ್ಕೆ ಯಾವುದು ಜೋಡಿ ಅಂತ ಬೆರಳಿಟ್ಟು ತೋರಿಸಲು ಬರುವುದಿಲ್ಲ. ಪುಸ್ತಕದ NaCl ಎಂಬ ಸೂತ್ರ ಹೇಳುವುದು ಒಂದಕ್ಕೆ ಒಂದು ಎಂಬ ಪ್ರಮಾಣವನ್ನು ಮಾತ್ರ. ಪೆಟ್ಟು ಬಿದ್ದು ಒಂದು ಪದರ ತುಸು ಸರಿಯಿತೋ, ಧನದ ಎದುರು ಧನ, ಋಣದ ಎದುರು ಋಣ ಬಂದು ನಿಲ್ಲುತ್ತವೆ. ಒಂದನ್ನೊಂದು ತಳ್ಳುತ್ತವೆ. ಹರಳು ಅಲ್ಲೇ ನೀಟಾಗಿ ಸೀಳುತ್ತದೆ.

1913ರಲ್ಲಿ ಎಕ್ಸ್-ರೇ ಹಾಯಿಸಿ ಈ ಜೋಡಣೆ ತೋರಿಸಿದ ಭೌತವಿಜ್ಞಾನಿ ಲಾರೆನ್ಸ್ ಬ್ರ್ಯಾಗ್‌ಗೆ ಆಗ 23 ವರ್ಷ. ಅಣುವೇ (ಇಂತಿಷ್ಟೇ ಪರಮಾಣು ಸೇರಿದ ಬಿಡಿ ಗುಂಪೇ) ಇಲ್ಲದ ಉಪ್ಪು ಅನ್ನುವುದನ್ನು ಒಪ್ಪದ ಹಿರಿಯ ರಸಾಯನಶಾಸ್ತ್ರಜ್ಞ ಹೆನ್ರಿ ಆರ್ಮ್‌ಸ್ಟ್ರಾಂಗ್ 1927ರಲ್ಲೂ ನೇಚರ್ ಎಂಬ ವಿಜ್ಞಾನ ಪತ್ರಿಕೆಗೆ ಸಿಟ್ಟಿನ ಪತ್ರ ಬರೆದರು. ಅಂಥವರಿಗೇ ಕಷ್ಟವಾದ ವಿಷಯ ಇದು. ಒಂದು ಜೋಡಿಯ ಚಿತ್ರ ಬರೆಸಿ ಮುಂದೆ ಹೋಗಬೇಡಿ, ಕೊನೇಪಕ್ಷ ನಾಲ್ಕು ಸಾಲು ಅಯಾನು ಬರೆಸಿ ಅಂತ ಜೊತೆಯ ಮೇಷ್ಟ್ರುಗಳಿಗೆ ನಾನು ಹೇಳುತ್ತಲೇ ಇರುತ್ತೇನೆ.

ಸಕ್ಕರೆಯಲ್ಲಾದರೆ ನಿಜಕ್ಕೂ ಅಣು ಇದೆ. ಕಾರ್ಬನ್, ಹೈಡ್ರೋಜನ್, ಆಕ್ಸಿಜನ್ ಸೇರಿ 45 ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಂಡು ಕಟ್ಟಿದ್ದು. ನೀರಿಗೆ ಹಾಕಿದರೆ ಅಣು ಇಡಿಯಾಗಿಯೇ ಉಳಿಯುತ್ತದೆ. ಉಪ್ಪಾದರೆ ಅಯಾನುಗಳಾಗಿ ಬಿಡಿಬಿಡಿಯಾಗುತ್ತದೆ. ಅದಕ್ಕೇ ಉಪ್ಪುನೀರಿನಲ್ಲಿ ಕರೆಂಟ್ ಹರಿಯುತ್ತದೆ, ಸಕ್ಕರೆ ನೀರಿನಲ್ಲಿ ಹಾಗೆ ಹರಿಯುವುದಿಲ್ಲ. ಬಾಣಲೆಯಲ್ಲಿ ಸಕ್ಕರೆ ಕಂದಾಗಿ ಕರಟುತ್ತದೆ, ಅಣುವೇ ಮುರಿಯುತ್ತದೆ. ಉಪ್ಪು ಬಿಸಿಗೆ ಕರಗಿ ದ್ರವವಾಗಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಬೇಕು. ದೃಷ್ಟಿ ತೆಗೆದು ಒಲೆಗೆ ಹಾಕಿದ ಉಪ್ಪು ಚಟಪಟ ಅನ್ನುತ್ತದಲ್ಲ, ಆಗ ಸಿಡಿಯುವುದು ಬಂಧ ಕಳಚಿದ್ದರಿಂದ ಅಲ್ಲ. ಹರಳು ಕಟ್ಟುವಾಗ ಒಳಗೇ ಸಿಕ್ಕಿಕೊಂಡ ನೀರು ಆವಿಯಾಗಿ ಅದನ್ನು ಒಡೆದು ಹೊರಗೆ ಬರುತ್ತದೆ.