ಪದವಿ ಹುಡುಗರ ಸಂಶೋಧನೆ ಕೇಳಿ ಬಂದೆ

ಪತ್ರಿಕೋದ್ಯಮ ಓದುವ ಪದವಿ ಹುಡುಗರು ಇವತ್ತು ತಮ್ಮ ಸಂಶೋಧನೆಯನ್ನು ತಮ್ಮದೇ ಕ್ಲಾಸಿನವರ ಮುಂದೆ ಮಂಡಿಸಿದರು. ಕೂತು ಕೇಳಿದೆ, ತುಂಬಾ ಖುಷಿಯಾಯಿತು.

ಒಬ್ಬಳದು ಮೈಸೂರು ರೇಡಿಯೋ. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರುಮಾಡಿದ್ದು, ಆಕಾಶವಾಣಿ ಅನ್ನೋ ಆ ಕೇಂದ್ರದ ಹೆಸರೇ ಆಮೇಲೆ ಇಡೀ ದೇಶದ ರೇಡಿಯೋಗೆ ಬಂದಿದ್ದು, ಇದನ್ನೆಲ್ಲ ಅವಳು ಹೇಳುವಾಗ ಹಿಂದಿನ ಬೆಂಚಿನವರೂ ಫೋನ್ ಕೆಳಗಿಟ್ಟಿದ್ದರು. ಮೇಷ್ಟ್ರು ಒಬ್ಬರು ಇಷ್ಟು ಮಾಡಬಹುದು ಅಂದ್ರೆ ಆಶ್ಚರ್ಯ ಅಲ್ವಾ?

ಇನ್ನೊಬ್ಬ ಅಂಗಡಿ ಬೋರ್ಡ್ ಬರೆಯುವ ಪೇಂಟರ್‌ಗಳ ಬಗ್ಗೆ ಕೆಲಸ ಮಾಡಿದ್ದ. ಫ್ಲೆಕ್ಸ್ ಬಂದಮೇಲೆ ಅವರಿಗೆ ಕೆಲಸ ಕಡಿಮೆ. ಒಬ್ಬೊಬ್ಬರ ಅಕ್ಷರದ ದಪ್ಪ, ನೆರಳು, ಒತ್ತಕ್ಷರದ ಬಾಲ ಹೇಗೆ ಬೇರೆ ಅಂತ ಫೋಟೋ ಹಾಕಿ ತೋರಿಸಿದ. "ಫೋಟೋ ಹಾಕೋಕೆ ಅವರನ್ನ ಕೇಳಿದ್ಯಾ?" ಅಂತ ಮುಂದೆ ಕೂತಿದ್ದ ಹುಡುಗಿ ಕೇಳಿಯೇಬಿಟ್ಟಳು. ಅಂಕ ಕೊಡುವ ನಾವು ಸುಮ್ನೆ ಪುಟ ಎಷ್ಟು, ಉಲ್ಲೇಖ ಎಲ್ಲಿ ಅಂತ ನೋಡ್ತೀವಿ. ಜೊತೆಯವರು ಕೇಳೋದೇ ಬೇರೆ, ಅದಕ್ಕೆ ಉತ್ತರ ಹುಡುಕುವಾಗಲೇ ಕಲಿಕೆ ಜಾಸ್ತಿ.

ಈ ವರದಿಗಳು ವೈವಾ ಮುಗಿದಮೇಲೆ ಬೀರುವಿನಲ್ಲಿ ಕೊಳೆಯಬಾರದು, ಲೈಬ್ರರಿಯಲ್ಲಿ ಇಡಿ ಅಂತ ವಿಭಾಗದ ಮುಖ್ಯಸ್ಥರಿಗೆ ಹೇಳಿದ್ದೇನೆ.