ಮದುವೆ ಹಾಡುಗಳಿಗೆ ಬೇಕಾಗಿದ್ದ ಒಂದು ಪೋರ್ಟ್

ಟೊರೆಂಟ್ ಅಂದ ಕೂಡಲೇ ಬಹಳ ಜನಕ್ಕೆ ಕದ್ದ ಸಿನಿಮಾ ನೆನಪಾಗುತ್ತದೆ. ನಮ್ಮ ಮನೆಯಲ್ಲಿ ಅದರ ಮಾತು ಬಂದಿದ್ದು ಮದುವೆ ಹಾಡುಗಳ ದೆಸೆಯಿಂದ. ಚಿಕ್ಕಪ್ಪ ಎಷ್ಟೋ ವರ್ಷ ಟೇಪ್ ರೆಕಾರ್ಡರ್ ಹಿಡಿದುಕೊಂಡು ಶಿರಸಿ ಸುತ್ತಮುತ್ತಲಿನ ನೆಂಟರ ಮದುವೆ, ಉಪನಯನಗಳಿಗೆ ಹೋಗಿ, ಹೆಂಗಸರು ಹೇಳುತ್ತಿದ್ದ ಹಸೆ ಹಾಡು, ಎಣ್ಣೆ ಶಾಸ್ತ್ರದ ಹಾಡು, ಆರತಿ ಹಾಡುಗಳನ್ನೆಲ್ಲ ಕ್ಯಾಸೆಟ್ಟಿಗೆ ತುಂಬಿಸಿಟ್ಟಿದ್ದರು. ಜೊತೆಗೆ ಒಂದಿಷ್ಟು ವಿಎಚ್‌ಎಸ್ ಟೇಪು. ಬೂಸ್ಟು ಹಿಡಿಯುವ ಮೊದಲು ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿದೆವು. ಹಾಡಿದವರನ್ನು, ಅವರಿಲ್ಲದ ಕಡೆ ಅವರ ಮನೆಯವರನ್ನು ಕೇಳಿ, ಹಂಚಬಹುದು ಅನ್ನಿಸಿಕೊಂಡೆವು. ಈಗ ಇದು ಒಂದೇ ಹಾರ್ಡ್ ಡಿಸ್ಕಿನಲ್ಲಿ ಉಳಿಯಬಾರದು, ನಾಲ್ಕು ಊರಿನ ನಾಲ್ಕು ಮನೆಯಲ್ಲಿ ಇರಬೇಕು ಅನ್ನೋದು ನನ್ನ ಹಟ.

ವಿಡಿಯೋ ಸೇರಿದರೆ ನೂರು ಜಿಬಿ ದಾಟುತ್ತದೆ. ಗೂಗಲ್ ಡ್ರೈವ್ ಪುಕ್ಕಟೆ ಕೊಡುವುದು 15 ಜಿಬಿ. ಅದಕ್ಕಿಂತ ಮುಖ್ಯ, ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಬ್ರೌಸರ್‌ನಲ್ಲಿ ಅಪ್‌ಲೋಡ್ ಮಾಡುತ್ತಿದ್ದಾಗ ನಡುವೆ ನಿಂತರೆ ಎಷ್ಟೋ ಸಲ ಮೊದಲಿಂದ ಶುರು ಮಾಡಬೇಕಾಗುತ್ತದೆ. ಟೊರೆಂಟ್ ಹಾಗಲ್ಲ, ಅದರಲ್ಲಿ ಫೈಲು ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರ ಕಂಪ್ಯೂಟರಿಗೆ ನೇರವಾಗಿ ಹೋಗುತ್ತದೆ. ಫೈಲನ್ನು ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ಹ್ಯಾಶ್, ಅಂದರೆ ಬೆರಳಚ್ಚಿನಂಥ ಗುರುತು, ಲೆಕ್ಕ ಹಾಕಿಟ್ಟಿರುತ್ತದೆ. ಆ ಕಡೆ ತಲುಪಿದ ತುಂಡು ಸರಿ ಇದೆಯಾ ಅಂತ ಹ್ಯಾಶ್ ನೋಡಿಯೇ ಒಪ್ಪಿಕೊಳ್ಳುತ್ತದೆ. ಕರೆಂಟ್ ಹೋದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. 2001ರಲ್ಲಿ ಬ್ರಾಮ್ ಕೋಹೆನ್ ಬರೆದ ಬಿಟ್‌ಟೊರೆಂಟ್ ಇವತ್ತಿಗೂ ದೊಡ್ಡ ಫೈಲ್ ಕಳಿಸೋಕೆ ಎಷ್ಟು ಒಳ್ಳೆಯ ಉಪಾಯ ಅಂತ ನನಗೆ ನಿಜಕ್ಕೂ ಅಭಿಮಾನ ಇದೆ. ಲಿನಕ್ಸ್ ಐಎಸ್‌ಒ, ಅಂದರೆ ಲಿನಕ್ಸ್ ಹಾಕಿಕೊಳ್ಳಲು ಬೇಕಾದ ದೊಡ್ಡ ಫೈಲು, ಹಂಚೋದು ಹೀಗೂ ಉಂಟು. ಇಂಟರ್ನೆಟ್ ಆರ್ಕೈವ್ ಕೂಡ 2012ರಿಂದ ತನ್ನ ಪುಸ್ತಕ, ಹಾಡುಗಳಿಗೆ ಟೊರೆಂಟ್ ಕೊಡುತ್ತಿದೆ.

ಕ್ಯೂಬಿಟ್‌ಟೊರೆಂಟ್ ಅನ್ನುವ ಸಾಫ್ಟ್‌ವೇರಿನಲ್ಲಿ ಟೊರೆಂಟ್ ಮಾಡಿ, ಅದನ್ನು ಇಳಿಸಿಕೊಳ್ಳಲು ಬೇಕಾದ ಮ್ಯಾಗ್ನೆಟ್ ಲಿಂಕನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಮೊದಲು ತೆಗೆದುಕೊಳ್ಳಲು ಹೊರಟವರು ಜರ್ಮನಿಯಲ್ಲಿರುವ ಭಾವ. ಅವರಿಗೆ ಸ್ವಲ್ಪ ಅಳುಕಿತ್ತು. ಆ ದೇಶದಲ್ಲಿ ಹಕ್ಕು ಇರುವ ಸಿನಿಮಾ, ಹಾಡನ್ನು ಟೊರೆಂಟ್‌ನಲ್ಲಿ ಹಂಚಿದರೆ ವಕೀಲರ ನೋಟಿಸ್ ಮನೆಗೇ ಬರುತ್ತದೆ. "ಇದು ನಮ್ಮದೇ ಅಲ್ವಾ ಭಾವ, ಅಜ್ಜಿ, ಅತ್ತೆಯಂದಿರು ಹೇಳಿದ್ದು" ಅಂದ ಮೇಲೆ ಲಿಂಕ್ ಹಾಕಿದರು. ಹಾಕಿ ಒಂದು ಗಂಟೆ ಆದರೂ ಅವರ ಪರದೆಯಲ್ಲಿ ಸೊನ್ನೆ ಕೆಬಿ. ನನ್ನಲ್ಲಿ ಪೀರ್ ಪಟ್ಟಿ, ಅಂದರೆ ನನ್ನ ಜೊತೆ ಸಂಪರ್ಕದಲ್ಲಿ ಇರುವ ಕಂಪ್ಯೂಟರುಗಳ ಪಟ್ಟಿ, ಖಾಲಿ. ಅದೇ ಹೊತ್ತಿಗೆ ಅದೇ ಕಂಪ್ಯೂಟರಿನಲ್ಲಿ ಉಬುಂಟು ಅನ್ನುವ ಲಿನಕ್ಸಿನ ಐಎಸ್‌ಒ ಹಾಕಿ ನೋಡಿದರೆ ಸರಸರ ಇಳಿಯಿತು.

ಇಲ್ಲೇ ವಿಷಯ ಇರೋದು. ಉಬುಂಟು ಟೊರೆಂಟ್‌ನಲ್ಲಿ ಸಾವಿರಾರು ಜನ ಇರುತ್ತಾರೆ. ಅವರಲ್ಲಿ ತುಂಬಾ ಜನರ ಪೋರ್ಟ್, ಅಂದರೆ ಹೊರಗಿನ ಸಂಪರ್ಕ ಕಂಪ್ಯೂಟರಿನ ಒಳಗೆ ಬರುವ ನಂಬರ್ ಹಾಕಿದ ಬಾಗಿಲು, ತೆರೆದಿರುತ್ತದೆ. ನಮ್ಮ ಪೋರ್ಟ್ ಮುಚ್ಚಿದ್ದರೂ ನಾವೇ ಹೋಗಿ ಅವರನ್ನು ಮುಟ್ಟಬಹುದು, ಆಮೇಲೆ ಆ ಸಂಪರ್ಕದಲ್ಲೇ ಎರಡೂ ಕಡೆ ಡೇಟಾ ಹರಿಯುತ್ತದೆ. ಆದರೆ ಇರೋದೇ ಇಬ್ಬರು, ಇಬ್ಬರದ್ದೂ ಮುಚ್ಚಿದೆ ಅಂದರೆ? ಯಾರು ಯಾರನ್ನು ಕರೆದರೂ ಉತ್ತರ ಇಲ್ಲ. ಹೋಲ್ ಪಂಚಿಂಗ್ ಅಂತ ಒಂದು ಉಪಾಯ ಇದೆ. ಆದರೆ ಅದಕ್ಕೂ ಇಬ್ಬರಿಗೂ ಸಂಪರ್ಕ ಇರುವ ಮೂರನೆಯ ಪೀರ್ ನಡುವೆ ನಿಂತು ಪರಿಚಯ ಮಾಡಿಸಬೇಕು. ನಮ್ಮ ಗುಂಪಿನಲ್ಲಿ ಆ ಮೂರನೆಯವರು ಇರಲಿಲ್ಲ. "ಪೋರ್ಟ್ ತೆರೆಯದಿದ್ದರೂ ಟೊರೆಂಟ್ ಓಡುತ್ತೆ, ತಲೆ ಕೆಡಿಸಿಕೊಳ್ಳಬೇಡ" ಅಂತ ಹೇಳೋರು ಜನಪ್ರಿಯ ಫೈಲುಗಳ ಲೆಕ್ಕದಲ್ಲಿ ಹೇಳುತ್ತಾರೆ. ಹತ್ತು ಜನಕ್ಕೆ ಮಾತ್ರ ಬೇಕಾದ ಫೈಲಿಗೆ ಆ ಮಾತು ನಡೆಯಲ್ಲ. ನಮ್ಮ ಭಾಷೆಯ, ನಮ್ಮ ಊರಿನ ಸಾಮಾನು ಹೆಚ್ಚಾಗಿ ಆ ಹತ್ತು ಜನದ್ದೇ ಆಗಿರುತ್ತದೆ.

ಕ್ಯೂಬಿಟ್‌ಟೊರೆಂಟ್‌ನ ಸೆಟ್ಟಿಂಗ್ಸ್‌ನಲ್ಲಿ ಕನೆಕ್ಷನ್ ಅನ್ನುವ ಕಡೆ ಹೋದೆ. ಪೋರ್ಟ್ ನಂಬರ್ 65535ರವರೆಗೆ ಯಾವುದಾದರೂ ಆಗಬಹುದು, 1024ರ ಕೆಳಗಿನವನ್ನು ಮುಟ್ಟಬಾರದು. ಹಳೆಯ ಬಿಟ್‌ಟೊರೆಂಟ್ ಬಳಸುತ್ತಿದ್ದದ್ದು 6881ರಿಂದ 6889. ಅದು ಎಲ್ಲರಿಗೂ ಗೊತ್ತಿರುವುದರಿಂದ ಕೆಲವು ಇಂಟರ್ನೆಟ್ ಕಂಪನಿಗಳು ಅದನ್ನೇ ಹುಡುಕಿ ನಿಧಾನ ಮಾಡುತ್ತಿದ್ದವು. ಹಾಗಾಗಿ ಅದನ್ನು ಬಿಟ್ಟು 28417 ಅಂತ ಇಟ್ಟೆ. ಪ್ರತಿ ಸಲ ಶುರುವಾದಾಗ ಹೊಸ ಪೋರ್ಟ್ ಹಿಡಿಯುವ ಆಯ್ಕೆಯ ಟಿಕ್ ತೆಗೆದೆ. ನಂಬರ್ ದಿನಾ ಬದಲಾದರೆ ರೂಟರಿನಲ್ಲಿ ಯಾವುದನ್ನು ತೆರೆಯೋದು? ಆಮೇಲೆ ವಿಂಡೋಸ್ ಫೈರ್‌ವಾಲ್, ಹೊರಗಿಂದ ಬರುವುದನ್ನು ತಡೆಯುವ ಕಾವಲು. ಅಲ್ಲಿ ನಮ್ಮ ವೈಫೈ 'ಪಬ್ಲಿಕ್' ಅಂತ ದಾಖಲಾಗಿತ್ತು, ಸಾಫ್ಟ್‌ವೇರಿಗೆ ಅನುಮತಿ ಇದ್ದದ್ದು 'ಪ್ರೈವೇಟ್' ನೆಟ್‌ವರ್ಕಿಗೆ ಮಾತ್ರ. ವೈಫೈಯನ್ನು ಪ್ರೈವೇಟ್ ಮಾಡಿ, ಡೇಟಾ ಸಾಗಿಸುವ ಟಿಸಿಪಿ, ಯುಡಿಪಿ ಎರಡು ಪದ್ಧತಿಗಳಿಗೂ ಒಳಬರುವ ನಿಯಮ ಹಾಕಿದೆ. ಯುಡಿಪಿ ಮರೆಯೋರು ಜಾಸ್ತಿ. ಈಗಿನ ಟೊರೆಂಟ್ ಸಂಪರ್ಕಗಳು ಬಹಳಷ್ಟು ಯುಡಿಪಿ ಮೇಲೆಯೇ ನಡೆಯುತ್ತವೆ. ಟ್ರ್ಯಾಕರ್ (ಫೈಲು ಯಾರ ಬಳಿ ಇದೆ ಅಂತ ಪಟ್ಟಿ ಇಡುವ ಸರ್ವರ್) ಇಲ್ಲದೆ ಪೀರ್‌ಗಳನ್ನು ಹುಡುಕಿಕೊಡುವ ಡಿಎಚ್‌ಟಿಗೂ ಯುಡಿಪಿಯೇ ಬೇಕು.

ಆಮೇಲೆ ಗೋಡೆಗೆ ಹೊಡೆದಿಟ್ಟ ಫೈಬರ್ ಡಬ್ಬಿ, ಅದೇ ನಮ್ಮ ರೂಟರ್. ಪಾಸ್‌ವರ್ಡ್ ಅದರ ಅಡಿಯ ಚೀಟಿಯಲ್ಲಿ, ಇರುವೆ ಅಕ್ಷರದಲ್ಲಿ. ಮೊಬೈಲಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ಓದಿದೆ. ಬ್ರೌಸರ್‌ನಲ್ಲಿ 192.168.1.1 ಹೊಡೆದು ಒಳಗೆ ಹೋದರೆ ಯುಪಿಎನ್‌ಪಿ, ಅಂದರೆ ಸಾಫ್ಟ್‌ವೇರ್ ಕೇಳಿದ ಪೋರ್ಟನ್ನು ಡಬ್ಬಿ ತಾನೇ ತೆರೆದುಕೊಡುವ ವ್ಯವಸ್ಥೆ, ಆಗಲೇ ಆನ್ ಇತ್ತು. ಕ್ಯೂಬಿಟ್‌ಟೊರೆಂಟ್‌ನ ಲಾಗ್‌ನಲ್ಲೂ ಪೋರ್ಟ್ ಮ್ಯಾಪ್ ಆಗಿದೆ ಅಂತ ಬಂದಿತ್ತು. ಆದರೂ ಹೊರಗಿಂದ ಪರೀಕ್ಷೆ ಮಾಡಿದರೆ ಪೋರ್ಟ್ ಮುಚ್ಚಿದೆ ಅನ್ನುತ್ತಿತ್ತು. ಒಂದು ಮಾತು, ಹೀಗೆ ಪರೀಕ್ಷಿಸುವಾಗ ಟೊರೆಂಟ್ ಸಾಫ್ಟ್‌ವೇರ್ ಓಡುತ್ತಾ ಇರಬೇಕು. ಕೇಳಿಸಿಕೊಳ್ಳೋಕೆ ಯಾರೂ ಇಲ್ಲದಿದ್ದರೆ ಎಲ್ಲ ಸರಿ ಇದ್ದರೂ ಮುಚ್ಚಿದೆ ಅಂತಲೇ ಉತ್ತರ ಬರುತ್ತದೆ.

ಗುಟ್ಟು ಇದ್ದದ್ದು ಸ್ಟೇಟಸ್ ಪುಟದಲ್ಲಿ. ಡಬ್ಬಿಗೆ ಕಂಪನಿ ಕೊಟ್ಟ ಹೊರಗಿನ ಕಡೆಯ (ವ್ಯಾನ್) ಐಪಿ ವಿಳಾಸ ಶುರುವಾಗುತ್ತಿದ್ದದ್ದು 100.72 ಅಂತ. 'ನನ್ನ ಐಪಿ ಯಾವುದು' ಅಂತ ಹೊರಗೆ ಕೇಳಿದರೆ ಸಿಗುತ್ತಿದ್ದ ವಿಳಾಸ ಪೂರ್ತಿ ಬೇರೆ. ಮೊದಲ ಅಂಕಿ 100, ಎರಡನೆಯದು 64ರಿಂದ 127ರ ಒಳಗೆ ಇದ್ದರೆ ಅದು ಸಿಜಿನ್ಯಾಟ್, ಅಂದರೆ ಕಂಪನಿ ಒಂದೇ ಹೊರ ವಿಳಾಸವನ್ನು ಹಲವು ಮನೆಗಳಿಗೆ ಹಂಚಿರುವುದು. ಇದಕ್ಕೇ ಅಂತ ಆ ವಿಳಾಸಗಳನ್ನು 2012ರಲ್ಲಿ ಎತ್ತಿಟ್ಟಿದ್ದಾರೆ. ದೊಡ್ಡ ವಠಾರ, ಹೊರಗೆ ಒಂದೇ ಮನೆ ನಂಬರ್ ಅಂದುಕೊಳ್ಳಿ. ನೀವು ಬರೆದ ಕಾಗದಕ್ಕೆ ಉತ್ತರ ಬಂದರೆ ನಿಮ್ಮ ಕೈಗೆ ತಂದುಕೊಡುತ್ತಾರೆ, ಆದರೆ ಹೊರಗಿನವರು ತಾವಾಗಿ ಕಾಗದ ಹಾಕಿದರೆ ಅದು ಯಾವ ಮನೆಗೆ ಅಂತ ಗೇಟಿನವನಿಗೆ ಗೊತ್ತಾಗಲ್ಲ. ನಮ್ಮ ಮನೆಯ ಡಬ್ಬಿಯಲ್ಲಿ ಎಷ್ಟು ಪೋರ್ಟ್ ತೆರೆದರೂ ಗೇಟ್ ಕಂಪನಿಯ ಕೈಯಲ್ಲೇ ಇರುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ರಲ್ಲಿ ಇರೋದೇ ಸುಮಾರು 430 ಕೋಟಿ ವಿಳಾಸ. ಏಷ್ಯಾ ಪೆಸಿಫಿಕ್‌ಗೆ ಹಂಚುವ ಎಪಿನಿಕ್ 2011ರ ಏಪ್ರಿಲ್‌ನಲ್ಲೇ ತನ್ನ ಕೊನೆಯ ಕಟ್ಟು ಬಿಚ್ಚಿತು. ತಡವಾಗಿ ಬಂದ ಕಂಪನಿಗಳು ಒಂದು ವಿಳಾಸದ ಹಿಂದೆ ಹತ್ತಾರು ಮನೆ ಕೂರಿಸದೆ ಬೇರೆ ದಾರಿ ಇರಲಿಲ್ಲ.

ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಸ್ವಂತ ವಿಳಾಸ, ಬೇಕಾದರೆ ಪ್ಲಾನ್ ಬದಲಾಯಿಸಿ, ಜಾಸ್ತಿ ದುಡ್ಡು ಕಟ್ಟಬೇಕು ಅಂದರು. ತಿಂಗಳು ತಿಂಗಳು ಕಟ್ಟುವಷ್ಟು ದೊಡ್ಡ ಕೆಲಸ ಇದಲ್ಲ. ಭಾವನ ಕಡೆ ಏನಾದರೂ ಆಗುತ್ತದಾ ಅಂತ ಕೇಳಿದರೆ, ಅವರದ್ದು ಡಿಎಸ್-ಲೈಟ್ ಸಂಪರ್ಕ. ಜರ್ಮನಿಯಲ್ಲಿ ಕೇಬಲ್ ಇಂಟರ್ನೆಟ್ ಇರುವ ಎಷ್ಟೋ ಮನೆಗಳಿಗೆ ಇದೇ ಇರುತ್ತದೆ. ಅಲ್ಲೂ ಐಪಿವಿ4 ಹಂಚಿಕೊಂಡಿದ್ದೇ, ಸ್ವಂತದ್ದು ಅಂತ ಸಿಗೋದು ಹೊಸ ವಿಳಾಸ ಪದ್ಧತಿಯಾದ ಐಪಿವಿ6 ಮಾತ್ರ. ಈ ಐಪಿವಿ6 ಮಾತು ಬಂದಿದ್ದೇ ದಾರಿ ತೋರಿಸಿತು. ನಮ್ಮ ಡಬ್ಬಿಯಲ್ಲೂ ಅದು ಇತ್ತು. ಕಂಪ್ಯೂಟರಿಗೆ 2ರಿಂದ ಶುರುವಾಗುವ, ಕೋಲನ್ ಹಾಕಿ ಬರೆದ ಉದ್ದನೆಯ ವಿಳಾಸ ಬಂದಿತ್ತು. ಐಪಿವಿ6ರಲ್ಲಿ ವಿಳಾಸದ ಬಡತನ ಇಲ್ಲ, ಮನೆಯ ಒಂದೊಂದು ಯಂತ್ರಕ್ಕೂ ಜಗತ್ತಿನಲ್ಲೆಲ್ಲ ನಡೆಯುವ ಸ್ವಂತ ವಿಳಾಸ. ಹಾಗಾಗಿ ಮ್ಯಾಪಿಂಗ್, ಫಾರ್ವರ್ಡಿಂಗ್ ಯಾವುದೂ ಬೇಡ. ಡಬ್ಬಿಯ ಐಪಿವಿ6 ಫೈರ್‌ವಾಲ್ ಒಳಬರುವುದನ್ನೆಲ್ಲ ತಡೆಯುತ್ತಿರುತ್ತದೆ, ಅದಕ್ಕೆ ಒಂದು ನಿಯಮ ಹೇಳಿಕೊಟ್ಟರೆ ಸಾಕು.

ಇಲ್ಲಿ ಒಂದು ಸುಲಭದ ದಾರಿ ಕಾಣುತ್ತದೆ, ಐಪಿವಿ6 ಫೈರ್‌ವಾಲನ್ನೇ ಆಫ್ ಮಾಡಿಬಿಡೋದು. ದಯವಿಟ್ಟು ಮಾಡಬೇಡಿ. ಮನೆಯ ಟಿವಿ, ಕ್ಯಾಮೆರಾ, ಪ್ರಿಂಟರ್ ಎಲ್ಲಕ್ಕೂ ಸ್ವಂತ ವಿಳಾಸ ಇದೆ ಅಂದೆನಲ್ಲ, ಅವೆಲ್ಲ ಒಂದೇ ಏಟಿಗೆ ಬೀದಿಗೆ ಬರುತ್ತವೆ. ನಾನು ನಮ್ಮ ಕಂಪ್ಯೂಟರಿನ ವಿಳಾಸ ಬರೆದು, ಅದಕ್ಕೆ 28417 ಮಾತ್ರ ಬಿಡುವ ನಿಯಮ ಹಾಕಿದೆ. ಸಂಜೆ ಗಾಳಿ ಮಳೆ ಬಂದು ಕರೆಂಟ್ ಹೋಯಿತು. ಬಂದ ಮೇಲೆ ನೋಡಿದರೆ ವಿಳಾಸದ ಮೊದಲ ಅರ್ಧವೇ ಬೇರೆ. ಡಬ್ಬಿ ಮತ್ತೆ ಶುರುವಾದಾಗಲೆಲ್ಲ ಕಂಪನಿ ಹೊಸ ಪ್ರಿಫಿಕ್ಸ್, ಅಂದರೆ ಆ ಮೊದಲ ಭಾಗ, ಕೊಡುತ್ತದೆ. ಮಲೆನಾಡಿನ ಜೂನ್, ಜುಲೈನಲ್ಲಿ ಹೀಗಾದರೆ ಪ್ರತಿ ಸಲ ಎದ್ದು ನಿಯಮ ತಿದ್ದುತ್ತಾ ಕೂರೋಕಾಗುತ್ತಾ? ವಿಳಾಸದ ಜಾಗ ಖಾಲಿ ಬಿಟ್ಟು ಪೋರ್ಟ್ ನಂಬರ್ ಮಾತ್ರ ಬರೆದೆ. ಆಗ 28417ಕ್ಕೆ ಬಂದದ್ದನ್ನು ಮನೆಯ ಯಾವ ಯಂತ್ರಕ್ಕೆ ಬಂದರೂ ಬಿಡುತ್ತದೆ. ಆದರೆ ಆ ಪೋರ್ಟಿನಲ್ಲಿ ಕೇಳಿಸಿಕೊಳ್ಳುತ್ತಿರುವುದು ಕ್ಯೂಬಿಟ್‌ಟೊರೆಂಟ್ ಒಂದೇ, ಟಿವಿಯನ್ನು ಕರೆದರೆ ಅಲ್ಲಿ ಓಗೊಡುವವರಿಲ್ಲ. ಯಾರಿಗೂ ಬೇಡದ ಒಂದು ವಿಚಿತ್ರ ನಂಬರ್ ಆರಿಸಿದ್ದು ಇಲ್ಲಿ ಉಪಯೋಗಕ್ಕೆ ಬಂತು.

ಪರೀಕ್ಷೆ ಭಾವನ ಕಡೆಯಿಂದ. ನನ್ನ ಹೊಸ ವಿಳಾಸ ಕಳಿಸಿ, ವಿಂಡೋಸಿನ ಪವರ್‌ಶೆಲ್ ತೆಗೆದು ಟೆಸ್ಟ್-ನೆಟ್‌ಕನೆಕ್ಷನ್ ಆಜ್ಞೆಗೆ ವಿಳಾಸ, ಪೋರ್ಟ್ ಎರಡನ್ನೂ ಕೊಡಿ ಅಂದೆ. ಪಿಂಗ್ ಮಾಡಿ ನೋಡೋದರಿಂದ ಪ್ರಯೋಜನ ಇಲ್ಲ, ಪಿಂಗ್ ಯಂತ್ರ ಓಗೊಡುತ್ತದಾ ಅಂತ ಮಾತ್ರ ನೋಡುತ್ತದೆ, ಪೋರ್ಟ್ ತೆರೆದಿದೆಯಾ ಅಂತಲ್ಲ. ಫೋನ್ ಸ್ಪೀಕರ್‌ನಲ್ಲಿ ಇಟ್ಟುಕೊಂಡು ಅವರು ಒಂದೊಂದು ಸಾಲಾಗಿ ಓದಿದರು. ಕೊನೆಯ ಸಾಲಲ್ಲಿ 'ಟ್ರೂ' ಅಂತ ಬಂದಿದೆ ಅಂದಾಗ ಚಿಕ್ಕಪ್ಪ ಕೂಡ ಖುರ್ಚಿ ಎಳೆದುಕೊಂಡು ಹತ್ತಿರ ಬಂದರು. ಡಿಎಚ್‌ಟಿ ತಾನಾಗಿ ಹುಡುಕಿಕೊಡುವವರೆಗೆ ಕಾಯೋದು ಬೇಡ ಅಂತ ಭಾವ ಪೀರ್ ಪಟ್ಟಿಯಲ್ಲಿ ರೈಟ್ ಕ್ಲಿಕ್ ಮಾಡಿ ನನ್ನ ವಿಳಾಸವನ್ನು ಕೈಯಾರೆ ಹಾಕಿದರು. ಐಪಿವಿ6 ವಿಳಾಸವನ್ನು ಚೌಕ ಕಂಸದ ಒಳಗಿಟ್ಟು, ಹೊರಗೆ ಕೋಲನ್ ಹಾಕಿ ಪೋರ್ಟ್ ಬರೆಯಬೇಕು. ಕಂಸ ಇಲ್ಲದಿದ್ದರೆ ವಿಳಾಸ ಎಲ್ಲಿ ಮುಗಿಯಿತು, ಪೋರ್ಟ್ ಎಲ್ಲಿ ಶುರುವಾಯಿತು ಅಂತ ಅದಕ್ಕೆ ತಿಳಿಯಲ್ಲ.

"ಬಂತು ಮಾರಾಯ, ಬಂತು!"

ನನ್ನ ಪೀರ್ ಪಟ್ಟಿಯಲ್ಲೂ ಒಂದು ಸಾಲು ಮೂಡಿತು. ಫ್ಲ್ಯಾಗ್ಸ್ ಕಾಲಮ್ಮಿನಲ್ಲಿ ದೊಡ್ಡಕ್ಷರದ 'ಐ' ಇತ್ತು. ಹೊರಗಿಂದ ಒಳಗೆ ಬಂದ ಸಂಪರ್ಕಕ್ಕೆ ಅದೇ ಗುರುತು. ಅಪ್‌ಲೋಡ್ ಅಂಕಿ ಏರತೊಡಗಿತು. ಮೊದಲು ಯಾವ ಹಾಡು ಹೋಗುತ್ತಿದೆ ಅಂತ ಚಿಕ್ಕಪ್ಪ ಕೇಳಿದರು. ಟೊರೆಂಟ್ ತುಂಡುಗಳನ್ನು ಸಾಲಾಗಿ ಕಳಿಸಲ್ಲ, ಎಲ್ಲದರಿಂದಲೂ ಚೂರು ಚೂರು ಹೋಗುತ್ತದೆ ಅಂದೆ. ಅದು ಅವರಿಗೆ ಅಷ್ಟು ಹಿಡಿಸಲಿಲ್ಲ. ಹಾಗಾಗಿ ನಮ್ಮ ಅಜ್ಜಿಯ ಆರತಿ ಹಾಡಿರುವ ಫೋಲ್ಡರಿಗೆ ಹೆಚ್ಚು ಆದ್ಯತೆ ಕೊಡಿ ಅಂತ ಭಾವನಿಗೆ ಹೇಳಿದೆ. ಅದು ಇಳಿಸಿಕೊಳ್ಳುವವರ ಕಡೆಯಿಂದಲೇ ಆಗಬೇಕಾದ ಕೆಲಸ.

ಭಾವ ತಮ್ಮ ಫ್ರಿಟ್ಸ್‌ಬಾಕ್ಸ್ ರೂಟರಿನಲ್ಲೂ ಅವರ ಪೋರ್ಟಿಗೆ ಐಪಿವಿ6 ಅನುಮತಿ ಕೊಟ್ಟುಕೊಂಡರು. ಒಂದು ಕಡೆ ತೆರೆದಿದ್ದರೆ ಸಾಕು ನಿಜ. ಆದರೆ ಇಲ್ಲಿ ಕರೆಂಟ್ ಹೋದಾಗ ಅವರದ್ದು ಇರಬೇಕಲ್ಲ. ಮೈಸೂರಿನಲ್ಲಿರುವ ಚಿಕ್ಕಪ್ಪನ ಮಗಳ ಮನೆಯದ್ದೂ ಸಿಜಿನ್ಯಾಟ್ ಸಂಪರ್ಕವೇ. ಐಪಿವಿ6 ಇದ್ದದ್ದರಿಂದ ಅವಳು ಏನೂ ಬದಲಾಯಿಸದೆ ನಮ್ಮಿಬ್ಬರಿಂದಲೂ ಎಳೆದುಕೊಳ್ಳುತ್ತಿದ್ದಾಳೆ. ಪೂರ್ತಿ ಇಳಿದ ಮೇಲೆ ಯಾರೂ ಅಳಿಸಬೇಡಿ, ಕಂಪ್ಯೂಟರ್ ಹಾಕಿದಾಗೆಲ್ಲ ಓಡುತ್ತಾ ಇರಲಿ ಅಂತ ಗುಂಪಿನಲ್ಲಿ ಬರೆದಿದ್ದೇನೆ. ಅತ್ತೆಯ ಮನೆ ಅಟ್ಟದಲ್ಲಿ ಇನ್ನೊಂದು ಪೆಟ್ಟಿಗೆ ಕ್ಯಾಸೆಟ್ ಸಿಕ್ಕಿದೆ. ಮಾಡಿಟ್ಟ ಟೊರೆಂಟಿಗೆ ಆಮೇಲೆ ಫೈಲ್ ಸೇರಿಸೋಕೆ ಬರಲ್ಲ, ಹ್ಯಾಶ್ ಬದಲಾಗುತ್ತದೆ. ಅದಕ್ಕೆ ಬೇರೆ ಟೊರೆಂಟ್ ಮಾಡಬೇಕು. ಪೋರ್ಟ್ ಇದೇ ಸಾಕು.