ಕೊಪ್ಪಳದಿಂದ ಜುವಾರಿ ಸೇತುವೆಗೆ: ಕೆಳಗಿಳಿದು ನೋಡದೆ ಬರಬೇಡಿ

ಗೋವಾದ ಜುವಾರಿ ನದಿಯ ಹೊಸ ಸೇತುವೆ ನೋಡಬೇಕು ಅಂತ ಹೊರಟಿದ್ದರೆ ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಸೇತುವೆ ಮೇಲೆ ಗಾಡಿ ನಿಲ್ಲಿಸುವಂತಿಲ್ಲ. ಕೇಬಲ್ ಇರುವ 640 ಮೀಟರ್ ಒಂದು ನಿಮಿಷದೊಳಗೆ ಮುಗಿದುಹೋಗುತ್ತದೆ. ನಮಗೂ ಹಾಗೇ ಆಯಿತು. ಹಿಂದಿನ ಸೀಟಿನಲ್ಲಿದ್ದ ಅವ್ವ ಚೀಲದಿಂದ ಕನ್ನಡಕ ತೆಗೆಯುವಷ್ಟರಲ್ಲಿ ಆ ಕಡೆ ಇಳಿದಿದ್ದೆವು. ತುಂಬಾ ಬೇಜಾರಾಯಿತು.

ಕೊಪ್ಪಳದಿಂದ ಬೆಳಗಿನ ನಾಲ್ಕಕ್ಕೆ ಬಿಟ್ಟಿದ್ದೆವು. ಗದಗ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ, ಕಾರವಾರ, ಮಡಗಾಂವ್ ದಾರಿ, ಹತ್ತಿರ ಹತ್ತಿರ 370 ಕಿಲೋಮೀಟರ್. ಅರಬೈಲ್ ಘಾಟಿನಲ್ಲಿ ಲಾರಿ ಜಾಸ್ತಿ, ಬೆಳಕಿದ್ದಾಗಲೇ ಇಳಿದುಬಿಡಿ. ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದಿತ್ತಲ್ವಾ, ನಾವು ಹೋದಾಗ ಎರಡೂ ಕಡೆಯ ಗಾಡಿಗಳು ಒಂದೇ ಸೇತುವೆ ಮೇಲೆ ಓಡಾಡ್ತಿದ್ದವು, ಅಲ್ಲಿ ಅರ್ಧ ಗಂಟೆ ಹೋಯಿತು.

ಮರುದಿನ ಬೆಳಿಗ್ಗೆ ಸುಮ್ನೆ ಸೇತುವೆ ಬುಡದ ಕೊರ್ತಾಲಿಂ ಊರಿನ ಜೆಟ್ಟಿಗೆ, ಅಂದ್ರೆ ದೋಣಿಕಟ್ಟೆಗೆ, ಇಳಿದೆವು. ನೋಡಬೇಕಾದ ಜಾಗ ಅದು. ನೀರಿನ ಮಟ್ಟದಲ್ಲಿ ನಿಂತು ತಲೆ ಎತ್ತಿದಾಗಲೇ ಸೇತುವೆ ಎಷ್ಟು ದೊಡ್ಡದು ಅಂತ ಗೊತ್ತಾಗುವುದು. ನಡುವೆ 360 ಮೀಟರ್ ಉದ್ದಕ್ಕೆ ನೀರಿನಲ್ಲಿ ಒಂದೂ ಕಂಬವಿಲ್ಲ, ಸರಕು ಸಾಗಿಸುವ ಬಾರ್ಜ್ ದೋಣಿಗಳು ಓಡಾಡಲಿ ಅಂತ. ನಮ್ಮ ಸಂತೆಯ ತಕ್ಕಡಿ ನೆನಪಿಸಿಕೊಳ್ಳಿ, ಎತ್ತರದ ಕಂಬದಿಂದ ಎರಡೂ ಕಡೆಗೆ ಕೇಬಲ್‌ಗಳು ನೇರವಾಗಿ ಬಂದು ರಸ್ತೆಯನ್ನು ಹಿಡಿದುಕೊಂಡಿವೆ, ಈ ಕಡೆಯ ಭಾರಕ್ಕೆ ಆ ಕಡೆಯ ಭಾರ ಸಮ. 1983ರ ಹಳೇ ಸೇತುವೆಯೂ ಪಕ್ಕದಲ್ಲೇ ಇದೆ. ಅದು ಬಲ ಕಳೆದುಕೊಂಡು ಭಾರೀ ಗಾಡಿಗಳನ್ನು ವರ್ಷಗಟ್ಟಲೆ ಬಿಡುತ್ತಿರಲಿಲ್ಲ. ಹೊಸದರ ಮೊದಲ ನಾಲ್ಕು ಪಥ 2022ರ ಡಿಸೆಂಬರ್‌ನಲ್ಲಿ, ಇನ್ನು ನಾಲ್ಕು ಮರುವರ್ಷ ಶುರುವಾದವು.

ಆದರೆ ಅವ್ವ ನೋಡುತ್ತಿದ್ದದ್ದು ಸೇತುವೆಯನ್ನಲ್ಲ, ನೀರನ್ನು. ಒಂದು ತೆಂಗಿನ ಸಿಪ್ಪೆ ಸಮುದ್ರದ ಕಡೆಯಿಂದ ತೇಲಿ ಬಂದು, ನಮ್ಮ ಮುಂದೆ ಒಂದು ಸುತ್ತು ತಿರುಗಿ, ಬೆಟ್ಟದ ಕಡೆಗೆ ಹೊರಟಿತು. "ಹೊಳಿ ಹಿಂದಕ್ಕ ಹೊಂಟೈತಲ್ಲೋ ತಮ್ಮಾ!" ಅಂದಳು. ಹುಟ್ಟಿದಾಗಿನಿಂದ ತುಂಗಭದ್ರೆ ಒಂದೇ ಕಡೆಗೆ ಹರಿಯುವುದನ್ನು ಕಂಡವಳು. ಕರಾವಳಿಯವರು ಅಳಿವೆ ಅನ್ನುವುದು ಇಂಥ ಜಾಗಕ್ಕೇ, ಉಬ್ಬರ ಬಂದಾಗ ಸಮುದ್ರದ ನೀರು ನದಿಯೊಳಗೆ ಏರುತ್ತದೆ. ಮಧ್ಯಾಹ್ನ ಮತ್ತೆ ಬಂದೆವು. ನೀರು ಇಳಿದಿತ್ತು, ಜೆಟ್ಟಿಯ ಕಲ್ಲುಗಳಿಗೆ ಅಂಟಿದ್ದ ಚೂಪು ಚಿಪ್ಪುಗಳು ಹೊರಗೆ ಕಾಣುತ್ತಿದ್ದವು. ಬರಿಗಾಲಲ್ಲಿ ಹೆಜ್ಜೆ ಇಡಬೇಡಿ, ಕೊಯ್ಯುತ್ತದೆ. ಉಬ್ಬರ ಇಳಿತದ ನಡುವೆ ಸುಮಾರು ಆರು ಗಂಟೆ ಅಂತರ, ಹೊತ್ತು ದಿನಾ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ಮುಂದಕ್ಕೆ ಹೋಗುತ್ತದೆ. ಮೊಬೈಲಿನಲ್ಲಿ ನೋಡಿಕೊಂಡು ಎರಡು ಸಲ ಹೋಗಿ.

ಇದೇ ನದಿಯ ಬಾಯಲ್ಲಿ ಮುರ್ಮಗೋವಾ ಬಂದರಿದೆ. ನಮ್ಮ ಕೊಪ್ಪಳ ಸ್ಟೇಷನ್ ದಾಟಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುವ ಕಲ್ಲಿದ್ದಲು ಅಲ್ಲಿಂದ ಬರುತ್ತದೆ. ಇದನ್ನು ಹೇಳಿದ ಮೇಲೆ ಅವ್ವನಿಗೆ ಆ ಊರು ಪರವೂರು ಅನ್ನಿಸಲಿಲ್ಲ.

ಕೊನೆಗೆ ಇನ್ನೊಮ್ಮೆ ಸೇತುವೆ ದಾಟಿದೆವು. ಪಣಜಿ ಕಡೆಗೆ ಹೋಗುವಾಗ ಸಮುದ್ರ ಎಡಕ್ಕೆ, ಹಿರಿಯರನ್ನು ಎಡ ಕಿಟಕಿಗೆ ಕೂರಿಸಿ. ಕನ್ನಡಕ ಮೊದಲೇ ಹಾಕಿಸಿ. ವಾಪಸ್ ಬರುವಾಗ ಫೋಂಡಾ, ಅನಮೋಡ ಘಾಟ್, ಧಾರವಾಡ ದಾರಿ ಹಿಡಿದೆವು, ಕಾಡು ಚೆನ್ನಾಗಿದೆ. ಮಳೆಗಾಲದಲ್ಲಿ ಹೋಗುವವರು ಎರಡೂ ಘಾಟ್ ತೆರೆದಿವೆಯಾ ಅಂತ ಹಿಂದಿನ ದಿನವೇ ವಿಚಾರಿಸಿಕೊಳ್ಳಿ.